ಪೆ-3 ನನ್ನ ಕೈಗೆ ಒಗ್ಗಿದ ಬಗೆ

ವಾರ್ ಥಂಡರ್ ಎಂಬ ಕಂಪ್ಯೂಟರ್ ಆಟದ ಸೋವಿಯತ್ ಸಾಲಿನಲ್ಲಿ ಪೆ-3 ಎಂಬ ಎರಡನೇ ಮಹಾಯುದ್ಧದ ಯುದ್ಧವಿಮಾನ ಸಿಕ್ಕಿದ ರಾತ್ರಿ ನನಗೆ ನಿದ್ದೆ ಬೇಡವಾಗಿತ್ತು. ಎರಡು ಎಂಜಿನ್, ಮೂತಿಯಲ್ಲಿ ಎರಡು 12.7 ಮಿ.ಮೀ. ಗನ್, ಹಿಂದೆ ಕಾಯಲು ಒಬ್ಬ ಗನ್ನರ್. ಇನ್ನೇನು ಬೇಕು ಅಂದುಕೊಂಡೆ. ಅವತ್ತು ಸಾಲಾಗಿ ಆರು ಪಂದ್ಯಗಳಲ್ಲಿ ಉರುಳಿದೆ. ಆರೂ ಒಂದೇ ಥರ. ಎದುರಿಗೆ ಜರ್ಮನ್ನರ ಫೈಟರ್ ಮೆಸರ್‌ಶ್ಮಿಟ್ 109 ಕಾಣುತ್ತದೆ, ಅದರ ಹಿಂದೆ ತಿರುಗುತ್ತೇನೆ, ಅರ್ಧ ಸುತ್ತು ಮುಗಿಯುವಷ್ಟರಲ್ಲಿ ವೇಗ ಕರಗಿಹೋಗುತ್ತದೆ. ಆಮೇಲೆ ಅದು ನನ್ನ ಬಾಲದ ಹಿಂದೆ.

ನಾನು ಆಡುವುದು ರಿಯಲಿಸ್ಟಿಕ್ ಮೋಡ್‌ನಲ್ಲಿ. ಅಲ್ಲಿ ಎಲ್ಲಿಗೆ ಗುರಿಯಿಡಬೇಕು ಎಂದು ತೋರಿಸುವ ಗುರುತು ಇರುವುದಿಲ್ಲ. ಗುಂಡು ಮುಗಿದರೆ ನೆಲಕ್ಕಿಳಿದೇ ತುಂಬಿಸಿಕೊಳ್ಳಬೇಕು. ಅದಕ್ಕೇ ಪ್ರತಿ ತಪ್ಪಿಗೂ ಬೆಲೆ ಜಾಸ್ತಿ. ನನ್ನ ಜೊತೆ ಸ್ಕ್ವಾಡ್‌ನಲ್ಲಿ ಆಡುವವನು ಚಿಕ್ಕಪ್ಪನ ಮಗ. ಅವನು ಯಾಕ್-1 ಎಂಬ ಸೋವಿಯತ್ ಫೈಟರ್ ಹಾರಿಸುತ್ತಾನೆ. ಏಳನೇ ಪಂದ್ಯದಲ್ಲಿ ಹೆಡ್‌ಫೋನಿನಲ್ಲಿ ಕೂಗಿದ: "ಅಣ್ಣಾ, ತಿರುಗ್ಬೇಡ! ನೇರ ಹೋಗ್ತಾ ಇರು, ನಾನು ನೋಡ್ಕೋತೀನಿ!" ನೇರ ಹೋದೆ. ಬದುಕಿದೆ. ಎಲ್ಲ ಶುರುವಾಗಿದ್ದು ಅಲ್ಲಿಂದ.

ಮಾರನೇ ದಿನ ಈ ವಿಮಾನ ಯಾಕೆ ಹೀಗೆ ಎಂದು ಓದಲು ಕೂತೆ. ಅದನ್ನು ಮೊದಲೇ ಮಾಡಬೇಕಿತ್ತು. ಪೆ-3ರ ಮೂಲ ವಿಐ-100 ಎಂಬ ವಿಮಾನ. ಬಹಳ ಎತ್ತರದಲ್ಲಿ ಹಾರುವ ಫೈಟರ್ ಆಗಲೆಂದು ಅದನ್ನು ರೂಪಿಸಿದವರು ವ್ಲಾದಿಮಿರ್ ಪೆಟ್ಲ್ಯಾಕೊವ್ ಮತ್ತು ಅವರ ತಂಡ. ಆಗ ಅವರೆಲ್ಲ ಕೈದಿಗಳು. ರಹಸ್ಯ ಪೊಲೀಸರ ಕಾವಲಿನಲ್ಲಿ, ಜೈಲಿನಂಥ ವಿನ್ಯಾಸ ಕಚೇರಿಯಲ್ಲಿ ಕೂತು ನಕ್ಷೆ ಬಿಡಿಸಿದವರು. ಆ ವಿಮಾನ 1939ರ ಡಿಸೆಂಬರ್ 22ರಂದು ಮೊದಲ ಸಲ ಹಾರಿತು. 1940ರಲ್ಲಿ ಅದನ್ನೇ ಡೈವ್ ಬಾಂಬರ್, ಅಂದರೆ ಕಡಿದಾಗಿ ಧುಮುಕಿ ಬಾಂಬ್ ಹಾಕುವ ವಿಮಾನ, ಮಾಡಿಕೊಡಿ ಎಂದು ಅಪ್ಪಣೆಯಾಯಿತು. ಹಾಗೆ ಬಂದದ್ದು ಪೆ-2. ಪೈಲಟ್‌ಗಳು ಅದನ್ನು ಪ್ರೀತಿಯಿಂದ ಪೆಶ್ಕಾ ಎನ್ನುತ್ತಿದ್ದರು. ರಷ್ಯನ್ ಭಾಷೆಯಲ್ಲಿ ಅದು ಚದುರಂಗದ ಕಾಲಾಳಿನ ಹೆಸರೂ ಹೌದು.

1941ರ ಜುಲೈ 21ರ ರಾತ್ರಿ ಮಾಸ್ಕೋ ಮೇಲೆ ಜರ್ಮನ್ನರ ಮೊದಲ ಬಾಂಬ್ ದಾಳಿ ಆಯಿತು. ರಾಜಧಾನಿ ಕಾಯಲು ದೂರ ಹೋಗಬಲ್ಲ, ಹೆಚ್ಚು ಹೊತ್ತು ಗಾಳಿಯಲ್ಲಿ ಇರಬಲ್ಲ ಫೈಟರ್ ಬೇಕಾಯಿತು. ಆಗಸ್ಟ್ 2ರಂದು ಆದೇಶ ಬಂತು. ಆಗಸ್ಟ್ 6ಕ್ಕೆ ವಿಮಾನ ಸಿದ್ಧವಿರಬೇಕು ಎಂದರು. ನಾಲ್ಕು ದಿನ! ಅಷ್ಟರಲ್ಲಿ ಹೊಸದೇನು ಮಾಡಲು ಸಾಧ್ಯ? ಇದ್ದ ಪೆ-2 ಅನ್ನೇ ತೆಗೆದುಕೊಂಡರು. ಮೂರನೇ ಮನುಷ್ಯನನ್ನು ಇಳಿಸಿದರು. ಹೊಟ್ಟೆಯ ಕೆಳಗಿನ ಗನ್ ತೆಗೆದರು. ಖಾಲಿಯಾದ ಜಾಗದಲ್ಲಿ ಇಂಧನದ ಟ್ಯಾಂಕ್ ಕೂರಿಸಿದರು. ಧುಮುಕುವಾಗ ವೇಗ ತಡೆಯುವ ಡೈವ್ ಬ್ರೇಕ್ ಬಿಚ್ಚಿದರು. ಮೂತಿಗೆ ಗನ್ ಸೇರಿಸಿದರು. ಇದನ್ನು ಓದುವಾಗ ನನ್ನ ಎದೆ ತುಂಬಿ ಬಂತು. ಬೇಕಾದ ಯಂತ್ರವನ್ನು ಕನಸು ಕಾಣಲು ಅವರಿಗೆ ಸಮಯವೇ ಸಿಗಲಿಲ್ಲ. ಕೈಯಲ್ಲಿ ಇದ್ದದ್ದರಲ್ಲಿ ಊರು ಉಳಿಸಲು ಹೊರಟರು. ಪೆಟ್ಲ್ಯಾಕೊವ್ ಹೆಚ್ಚು ದಿನ ಬದುಕಲೂ ಇಲ್ಲ. 1942ರ ಜನವರಿ 12ರಂದು ಮಾಸ್ಕೋಗೆ ಹೊರಟಿದ್ದರು. ಹತ್ತಿದ್ದು ತಮ್ಮದೇ ಪೆ-2. ಅದು ಅರ್ಜಾಮಾಸ್ ಹತ್ತಿರ ಬಿದ್ದು ತೀರಿಕೊಂಡರು.

ಇಷ್ಟು ಗೊತ್ತಾದ ಮೇಲೆ ನನ್ನ ಆಟವೇ ಬದಲಾಯಿತು. ನಾನು ಹಾರಿಸುತ್ತಿರುವುದು ಬಾಂಬರ್‌ನ ಮೈ. ತೂಕ ಸುಮಾರು 8 ಟನ್. ಎದುರಿಗಿರುವ 109 ಮೂರು ಟನ್ನೂ ಇಲ್ಲ. 5000 ಮೀಟರ್ ಎತ್ತರದಲ್ಲಿ ಪೆ-3ರ ವೇಗ ಗಂಟೆಗೆ 530 ಕಿ.ಮೀ. ಆಸುಪಾಸು. ಅಲ್ಲಿಗೆ ಏರಲು ಸುಮಾರು 9 ನಿಮಿಷ ಬೇಕು. ತಿರುಗುವುದರಲ್ಲೂ ಏರುವುದರಲ್ಲೂ ನಾನು ಗೆಲ್ಲುವುದಿಲ್ಲ. ಉಳಿಯುವುದು ಎತ್ತರ ಮತ್ತು ತಾಳ್ಮೆ.

ಈಗ ಪಂದ್ಯ ಶುರುವಾದ ಕೂಡಲೇ ಶತ್ರುವಿನ ಕಡೆ ಹೋಗುವುದಿಲ್ಲ. ಮೂತಿಯನ್ನು ಪಕ್ಕಕ್ಕೆ, ಸುಮಾರು 60 ಡಿಗ್ರಿ ತಿರುಗಿಸಿ ಏರುತ್ತೇನೆ. ವೇಗ 270ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಕಡಿದಾಗಿ ಎತ್ತಿದರೆ ವಿಮಾನ ತೆವಳುತ್ತದೆ. ಇಂಧನ ಅತಿ ಕಡಿಮೆ ಇರುವ ಆಯ್ಕೆಯನ್ನೇ ತೆಗೆದುಕೊಳ್ಳುತ್ತೇನೆ. ನಿಜವಾದ ಪೆ-3ಕ್ಕೆ ಆ ದೊಡ್ಡ ಟ್ಯಾಂಕುಗಳು ಜೀವಾಳ. ಸುಮಾರು 2000 ಕಿ.ಮೀ. ಹೋಗಬಲ್ಲದಾಗಿತ್ತು. 1942ರ ಸೆಪ್ಟೆಂಬರ್‌ನಲ್ಲಿ ಉತ್ತರದ ಕೊರೆಯುವ ಸಮುದ್ರದ ಮೇಲೆ ಸೋವಿಯತ್ ದೇಶಕ್ಕೆ ಮಿತ್ರರಾಷ್ಟ್ರಗಳ ಸರಕು ತರುತ್ತಿದ್ದ ಪಿಕ್ಯೂ-18 ಹಡಗುಗಳ ಸಾಲನ್ನು ಕಾಯಲು ಪೆ-3ಗಳನ್ನು ಕಳಿಸಿದ್ದು ಅದಕ್ಕೇ. ನಮ್ಮ ಪಂದ್ಯ ಮುಗಿಯುವುದು ಅರ್ಧ ಗಂಟೆಯೊಳಗೆ. ಸುಮ್ನೆ ಭಾರ ಯಾಕೆ ಹೊರಬೇಕು?

ಗನ್ನುಗಳ ವಿಷಯದಲ್ಲಿ ಮಾತ್ರ ಈ ವಿಮಾನ ಧಾರಾಳಿ. ರೆಕ್ಕೆಯಲ್ಲಿ ಗನ್ ಇರುವ ವಿಮಾನದಲ್ಲಿ ಎರಡೂ ಕಡೆಯ ಗುಂಡು ಒಂದು ದೂರದಲ್ಲಿ ಮಾತ್ರ ಸೇರುತ್ತವೆ. ಅದಕ್ಕಿಂತ ಹತ್ತಿರ ಹೋದರೂ ದೂರ ಇದ್ದರೂ ಚದುರುತ್ತವೆ. ಪೆ-3ರಲ್ಲಿ ಗನ್ನುಗಳು ಮೂತಿಯಲ್ಲೇ ಇರುವುದರಿಂದ 150 ಮೀಟರ್‌ಗೂ 400 ಮೀಟರ್‌ಗೂ ಗುಂಡು ಒಂದೇ ಗೊಂಚಲಾಗಿ ಹೋಗುತ್ತದೆ. ಗುರಿ ಸೇರುವ ದೂರವನ್ನು 400 ಮೀಟರ್‌ಗೆ ಇಟ್ಟಿದ್ದೇನೆ. ಟ್ರಿಗರ್ ಒತ್ತುವುದು ಮಾತ್ರ 250ರ ಒಳಗೆ. ಯುಬಿ ಎಂಬ ಈ 12.7 ಮಿ.ಮೀ. ಗನ್ ನಿಮಿಷಕ್ಕೆ ಸುಮಾರು 1000 ಗುಂಡು ಉಗುಳುತ್ತದೆ. ಬೆರಳು ಬಿಗಿ ಹಿಡಿದರೆ ಬೆಲ್ಟ್ ಖಾಲಿಯಾಗಿದ್ದೇ ತಿಳಿಯುವುದಿಲ್ಲ. ಬಾಯಲ್ಲಿ "ಒಂದು" ಅಂದು ಮುಗಿಸುವಷ್ಟು ಹೊತ್ತು ಒತ್ತಿ ಬಿಡುತ್ತೇನೆ. ಈ ಅಭ್ಯಾಸ ಬರಲು ಎರಡು ವಾರ ಹಿಡಿಯಿತು. ಟೆಸ್ಟ್ ಫ್ಲೈಟ್‌ನಲ್ಲಿ ದಿನಾ ಹತ್ತು ನಿಮಿಷ ಇದನ್ನೇ ಮಾಡಿದೆ.

ಬೇಟೆ ಯಾವುದು ಎಂಬುದೂ ಮುಖ್ಯ. ಒಂಟಿ ಎಂಜಿನ್ನಿನ ಫೈಟರ್ ಒಂದೇ ಕಂಡರೆ ಈಗ ಬಿಟ್ಟುಬಿಡುತ್ತೇನೆ. ನನ್ನ ಬೇಟೆ ಹೈಂಕೆಲ್ 111, ಯುಂಕರ್ಸ್ 88 ಎಂಬ ಜರ್ಮನ್ ಬಾಂಬರ್‌ಗಳು, ಹೆಚ್ಚೆಂದರೆ ಎರಡು ಎಂಜಿನ್ನಿನ ಫೈಟರ್ ಮೆಸರ್‌ಶ್ಮಿಟ್ 110. ಬಾಂಬರ್‌ನ ನೇರ ಹಿಂದೆ ಹೋಗಿ ಕೂರುವುದು ದೊಡ್ಡ ತಪ್ಪು. ಅದರ ಗನ್ನರ್‌ಗಳಿಗೆ ನಾನು ನಿಂತ ಗುರಿ. ಎಂಜಿನ್ ತಂಪಾಗಿಡುವ ಪೆ-3ರ ರೇಡಿಯೇಟರ್‌ಗಳು ಬೇರೆ ರೆಕ್ಕೆಯೊಳಗೇ ಇವೆ. ಒಂದೆರಡು ಗುಂಡು ರೆಕ್ಕೆಗೆ ತಗುಲಿದರೂ ನೀರು ಸೋರುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ಆದ್ದರಿಂದ ಪಕ್ಕದಿಂದ, 1000 ಮೀಟರ್ ಮೇಲಿನಿಂದ ಇಳಿಯುತ್ತೇನೆ. ಗುರಿ ರೆಕ್ಕೆಯ ಬುಡ ಮತ್ತು ಎಂಜಿನ್. ಡೈವ್ ಬ್ರೇಕ್ ಇಲ್ಲದ ವಿಮಾನ ಅಂತ ನೆನಪಿರಬೇಕು. ವೇಗ 550 ದಾಟಿದರೆ ಥ್ರಾಟಲ್ ಇಳಿಸುತ್ತೇನೆ. ಇಲ್ಲದಿದ್ದರೆ ಮೂತಿ ಎತ್ತುವುದು ಕಷ್ಟ. ಒಮ್ಮೆ ಹೊಡೆದ ಮೇಲೆ ಬಿತ್ತೋ ಇಲ್ಲವೋ ನೋಡಲು ತಿರುಗುವುದಿಲ್ಲ. ನೇರ ಮುಂದೆ, ಅದೇ ವೇಗದಲ್ಲಿ, ಎರಡು ಮೂರು ಕಿಲೋಮೀಟರ್ ಹೋಗಿ ಆಮೇಲೆ ಏರುತ್ತೇನೆ. ಹಾಗೆ ಹೋಗುವಾಗ ಹೊಟ್ಟೆಯ ಕೆಳಗೆ ಕಾಯುವವರು ಯಾರೂ ಇಲ್ಲ ಎಂಬ ಭಯ ನನಗೆ ಈಗಲೂ ಇದೆ. ಮೇಲಿನ ಗನ್ನರ್‌ಗೆ ಅಲ್ಲಿ ಏನೂ ಕಾಣದು. ಅದಕ್ಕೇ ಬೆನ್ನಟ್ಟುವವನು ಕೆಳಗಿದ್ದರೆ ನಾನೂ ಕೆಳಗಿಳಿದು ನೆಲಕ್ಕೆ ಅಂಟಿಕೊಂಡು ಓಡುತ್ತೇನೆ.

ಕಳೆದ ತಿಂಗಳು ಸ್ಟಾಲಿನ್‌ಗ್ರಾಡ್ ಮ್ಯಾಪ್‌ನಲ್ಲಿ ಆಡಿದ ಪಂದ್ಯ ಹೇಳಲೇಬೇಕು. ನಾವಿಬ್ಬರೇ ಉಳಿದಿದ್ದೆವು. ಎದುರಿಗೆ ಎರಡು ಹೈಂಕೆಲ್, ಒಂದು 109. ಚಿಕ್ಕಪ್ಪನ ಮಗ 109ನ್ನು ಕೆಳಗೆ ಎಳೆದುಕೊಂಡು ಹೋದ. ನಾನು ಮೇಲಿನಿಂದ ಮೊದಲ ಹೈಂಕೆಲ್‌ನ ಎಡ ಎಂಜಿನ್‌ಗೆ ಹೊಡೆದೆ, ಹೊತ್ತಿಕೊಂಡಿತು. ಎರಡನೆಯದಕ್ಕೆ ಬೇರೆ ಸುತ್ತು ಹಾಕುವಷ್ಟು ತಾಳ್ಮೆ ಅವತ್ತು ಇತ್ತು. ಐದು ನಿಮಿಷ ಏರಿ ಮತ್ತೆ ಇಳಿದೆ. ಅದೂ ಬಿತ್ತು, ಆದರೆ ನನ್ನ ಬಲ ರೇಡಿಯೇಟರ್‌ಗೆ ಗುಂಡು ತಗುಲಿತು.

ಒಂದೇ ಎಂಜಿನ್‌ನಲ್ಲಿ ವಾಪಸ್ ಬಂದೆ. ನಿಂತ ಎಂಜಿನ್ ಕಡೆ ಮೂತಿ ಎಳೆಯುತ್ತದೆ, ಅದಕ್ಕೆ ಎದುರು ರಡ್ಡರ್ (ಬಾಲದ ಚುಕ್ಕಾಣಿ) ಕೊಟ್ಟು ರೆಕ್ಕೆ ಸಮ ಇಟ್ಟೆ. ಇಳಿಯುವಾಗ ಪೆಶ್ಕಾದ ಹಳೇ ಚಾಳಿ ಎದುರಾಯಿತು. ನೆಲ ಮುಟ್ಟಿ ಮತ್ತೆ ನೆಗೆಯುವುದು. ಹೀಗೆ ನೆಗೆದರೆ ರಷ್ಯನ್ ಪೈಲಟ್‌ಗಳು ಅದನ್ನು ಹೋತ ಅನ್ನುತ್ತಾರೆ. ಎರಡು ಸಲ ನೆಗೆಯಿತು. ಮೂತಿ ಎತ್ತಲು ಹೋಗದೆ ಕೈ ಹಾಗೇ ಹಿಡಿದೆ. ಮೂರನೇ ಸಲ ಕೂತಿತು.

"ಅಣ್ಣಾ, 109 ಇನ್ನೂ ನನ್ ಹಿಂದೇನೇ ಇದೆ, ಬೇಗ ಬಾ," ಅಂದ. ರಿಪೇರಿ ಮುಗಿಯಲು ನಲವತ್ತು ಸೆಕೆಂಡ್ ತೋರಿಸುತ್ತಿತ್ತು. "ಫೀಲ್ಡ್ ಕಡೆಗೇ ಕರ್ಕೊಂಡು ಬಾರೋ, ಎದ್ದೆ," ಅಂದೆ.