ಅಗಸಿ ಎಣ್ಣೆ, ಇಳಿದ ಮೀಸೆ ಮತ್ತು ಎರಡನೇ ಗಾಣ

"ಚಟ್ನಿ ಎಣ್ಣೀಲೆ ಚಿತ್ರಾ ಬರಿಯೋ ಬಾಯಾರು ಬಂದ್ರು ನೋಡ್ರಿ." ಬಣ್ಣದ ಅಂಗಡಿಯೊಂದರಲ್ಲಿ ಎರಡು ವರ್ಷ ಈ ಮಾತು ಕೇಳಿದ್ದೇನೆ. ಚಟ್ನಿಗೆ ಹಾಕುವ ಗಾಣದ ಅಗಸಿ ಎಣ್ಣೆಯನ್ನೇ ನಾನು ಬಣ್ಣಕ್ಕೆ ಬೆರೆಸುತ್ತೇನೆಂಬ ಕುಹಕ ಅದು. ಹೋದ ತಿಂಗಳು ಆ ಎಣ್ಣೆಯಲ್ಲಿ ಬರೆದ ಮೂರು ವರ್ಷ ಹಳೆಯದೊಂದು ಕ್ಯಾನ್ವಾಸನ್ನು ಅದೇ ಅಂಗಡಿಗೆ ಒಯ್ದು, ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಎಲ್ಲರೆದುರು ಒರೆಸಿ ತೋರಿಸಿದೆ. ಬಣ್ಣ ಬಿಡಲಿಲ್ಲ, ಹತ್ತಿ ಬೆಳ್ಳಗೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ರೊಕ್ಕದ ತಾಪತ್ರಯದಿಂದ. ಬಣ್ಣಕ್ಕೆ ಬೆರೆಸುವ ಲಿನ್‌ಸೀಡ್, ಅಂದರೆ ಅಗಸಿ ಎಣ್ಣೆಯ 100 ಮಿಲಿ ಬಾಟಲಿಗೆ ಆಗ ಇನ್ನೂರು ರೂಪಾಯಿ ಹತ್ತಿರ ಇತ್ತು. ನಾನು ಗ್ಲೇಜ್ ಮೇಲೆ ಗ್ಲೇಜ್ (ಎಣ್ಣೆ ಬೆರೆಸಿದ ತೆಳು ಪಾರದರ್ಶಕ ಪದರ) ಹಾಕುವವಳು, ತಿಂಗಳಿಗೆ ನಾಲ್ಕು ಬಾಟಲಿ ಖಾಲಿ. ಇತ್ತ ನಮ್ಮ ಧಾರವಾಡದ ಸಂತೆಯಲ್ಲಿ ನವಲಗುಂದ ಕಡೆಯ ಅಗಸಿ ಕಿಲೋಕ್ಕೆ ನೂರು, ನೂರಾ ಹತ್ತು. ಅದೇ ಬೀಜ, ಅದೇ ಎಣ್ಣೆ. ಹತ್ತು ಕಿಲೋ ಕೊಂಡು ಮೋಟರಿನ ಮರದ ಗಾಣಕ್ಕೆ ಹಾಕಿಸಿದೆ. ಮೂರು ಲೀಟರ್ ಚಿಲ್ಲರೆ ಬಂತು, ಕೂಲಿ ಇನ್ನೂರೋ ಏನೋ. ಹಿಂಡಿಯನ್ನು ಎದುರುಮನೆಯ ಎಮ್ಮೆಗೆ ಕೊಟ್ಟೆ. ಲೆಕ್ಕ ಹಾಕಿ ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆ ಎಣ್ಣೆಯಲ್ಲೇ ಒಬ್ಬರು ದೊಡ್ಡ ವ್ಯಾಪಾರಿಯ ತೀರಿಹೋದ ತಂದೆಯ ಭಾವಚಿತ್ರ ಮಾಡಿದೆ. ತಿಂಗಳಾದರೂ ಕೈಗೆ ಅಂಟುತ್ತಿತ್ತು. ಶ್ರಾವಣದ ಜಿಟಿಜಿಟಿ ಮಳೆಯ ಥಂಡಿ ಅಂದುಕೊಂಡೆ. ಅವರಿಗೆ ವರ್ಷಾಬ್ದಿಕಕ್ಕೆ ಬೇಕಿತ್ತು, ಒಯ್ದು ಗೋಡೆಗೆ ಹಾಕಿದರು. ಮೂರು ವಾರಕ್ಕೆ ಫೋನು: "ಬಾಯಾರ, ನಮ್ಮ ಅಪ್ಪಾರ ಮೀಸಿ ಕೆಳಗ ಇಳದೈತ್ರಿ." ಹೋಗಿ ನೋಡಿದರೆ ನಿಜ. ಐವರಿ ಬ್ಲ್ಯಾಕ್ ಮೊದಲೇ ನಿಧಾನಕ್ಕೆ ಒಣಗುವ ಬಣ್ಣ, ಅದನ್ನು ದಪ್ಪಗೆ ಬೇರೆ ಹಾಕಿದ್ದೆ. ಮೀಸೆಯ ಬಲತುದಿ ಅರ್ಧ ಇಂಚು ಜಾರಿ ತುಟಿಯ ಮೇಲೆ ಕೂತಿತ್ತು, ಊದುಬತ್ತಿಯ ಬೂದಿಯೆಲ್ಲ ಅದಕ್ಕೇ ಮೆತ್ತಿತ್ತು. ಆರು ಸಾವಿರ ಮುಂಗಡ ವಾಪಸ್ ಕೊಟ್ಟೆ. ಕ್ಯಾನ್ವಾಸು, ಬಣ್ಣ, ಚೌಕಟ್ಟು ಸೇರಿ ಒಂಬತ್ತು ಸಾವಿರದ ಹತ್ತಿರ ಹೊಡೆತ.

ಕಾರಣ ಸಿಕ್ಕಿದ್ದು ಗಾಣದ ಎದುರು ಅರ್ಧ ದಿನ ಸುಮ್ಮನೆ ಕೂತಾಗ. ನನಗಿಂತ ಮುಂಚೆ ಶೇಂಗಾ, ಅದಕ್ಕೂ ಮುಂಚೆ ಕೊಬ್ಬರಿ. ಎರಡೂ ಜನ್ಮದಲ್ಲಿ ಒಣಗುವ ಎಣ್ಣೆಗಳಲ್ಲ. ಗಾಣದ ಮರ ಕುಡಿದಿಟ್ಟುಕೊಂಡಿದ್ದೆಲ್ಲ ನನ್ನ ಅಗಸಿಗೆ ಬಂದು ಸೇರುತ್ತಿತ್ತು. "ಎಲ್ಲಾ ಎಣ್ಣೀನ ಅಲ್ಲೇನ್ರಿ ಅಕ್ಕಾರ" ಅಂದ ಗಾಣದವನು. ಅಂದಿನಿಂದ ಬೆಳಿಗ್ಗೆ ಗಾಣ ಒರೆಸಿಸಿ ನನ್ನದೇ ಮೊದಲು. ಅದರಲ್ಲೂ ಮೊದಲ ಗಾಣದ, ಅಂದರೆ ಮೊದಲ ಸಲ ಹಾಕಿದ ಬೀಜದ ಎಣ್ಣೆ ಚಿತ್ರಕ್ಕಿಲ್ಲ, ಮರದಲ್ಲಿ ಉಳಿದದ್ದು ಅದಕ್ಕೇ ಸೇರುತ್ತದೆ. ಆಮೇಲೆ ಹೊಸ ಬೀಜ ಹಾಕಿದ ಎರಡನೆಯದಷ್ಟೇ.

ಎಣ್ಣೆಯ ಲೋಳೆ ಹೋಗುವಂತೆ ತೊಳೆಯುವುದರಲ್ಲಿ ಹೊಸದೇನಿಲ್ಲ. ಎಣ್ಣೆಯಷ್ಟೇ ಉಗುರುಬೆಚ್ಚಗಿನ ನೀರು, ಒಂದು ಹಿಡಿ ಉಪ್ಪು, ಬಟ್ಟಲು ತೊಳೆದ ಮರಳು, ಹತ್ತು ನಿಮಿಷ ತೋಳು ನೋಯುವ ತನಕ ಕುಲುಕುವುದು, ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಬರಣಿಯನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಮರಳು, ಮೇಲೆ ಕದಡಿದ ನೀರು, ಅದರ ಮೇಲೆ ಗಂಜಿಯ ಕೆನೆಯಂತೆ ಲೋಳೆ, ತುದಿಯಲ್ಲಿ ಎಣ್ಣೆ. ಆ ಲೋಳೆಯನ್ನು ನೋಡಿದವರು ಮತ್ತೆ ತೊಳೆಯದ ಎಣ್ಣೆ ಮುಟ್ಟುವುದಿಲ್ಲ. ಮೂರು ಸಲ ಉಪ್ಪು-ಮರಳು, ಮೂರು ಸಲ ಬರೀ ನೀರು. ಮೂರು ಲೀಟರಿಗೆ ಎರಡೂವರೆ ಉಳಿಯುತ್ತದೆ. ಆಮೇಲೆ ಮಾರ್ಚ್-ಏಪ್ರಿಲ್ ಬಿಸಿಲಿಗೆ, ಅಗಲ ತಾಟಿನಲ್ಲಿ ತೆಳ್ಳಗೆ, ಮೇಲೆ ವಾಯಿಲ್ ಬಟ್ಟೆ. ದಿನಾ ಕಲಕದಿದ್ದರೆ ಕೆನೆಗಟ್ಟುತ್ತದೆ. ಎಷ್ಟು ದಿನ ಎಂದು ಹೇಳುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಮೀಡಿಯಂ (ಬಣ್ಣವನ್ನು ತೆಳುವಾಗಿಸಲು ಬೆರೆಸುವ ದ್ರವ) ಮಾಡುವಾಗ ಇದಕ್ಕೆ ಏನನ್ನು ಎಷ್ಟು ಬೆರೆಸುತ್ತೇನೆ ಎಂಬುದೂ ನನ್ನ ಹತ್ತಿರವೇ ಇರಲಿ.

ಬೇರೆ ಬೇರೆ ಎಣ್ಣೆಗಳನ್ನು ಗಾಜಿನ ಪಟ್ಟಿಗಳ ಮೇಲೆ ಹಚ್ಚಿ ತಾರೀಖು ಬರೆದಿಟ್ಟಿದ್ದೆ. ತೊಳೆದು ಬಿಸಿಲು ಕುಡಿಸಿದ್ದು ಮೂರನೇ ದಿನಕ್ಕೆ ಒಣಗಿತು. ತೊಳೆಯದ್ದಕ್ಕೆ ಎಂಟೊಂಬತ್ತು ದಿನ ಬೇಕಾಯಿತು. ಮೀಸೆ ಇಳಿಸಿದ ಎಣ್ಣೆಯ ಪಟ್ಟಿ ಇನ್ನೂ ಅಂಟುತ್ತದೆ, ಎಸೆದಿಲ್ಲ.

"ಅಗಸಿ ಎಣ್ಣಿ ಹಳದಿ ಆಗ್ತದ" ಎಂದವರಿಗೂ ಉತ್ತರ ಇದೆ. ಈ ಎಣ್ಣೆಯಲ್ಲಿ ಟೈಟೇನಿಯಂ ವೈಟ್ ಎಂಬ ಬಿಳಿ ಬಣ್ಣ ಕಲಸಿ ಹಚ್ಚಿದ ಎರಡು ತುಂಡುಗಳಲ್ಲಿ ಒಂದನ್ನು ಕಪಾಟಿನ ಕತ್ತಲೆಗೆ, ಒಂದನ್ನು ಕಿಟಕಿಗೆ ಇಟ್ಟೆ. ಏಳೆಂಟು ತಿಂಗಳಲ್ಲಿ ಕಪಾಟಿನದು ಎಮ್ಮೆ ತುಪ್ಪ ಬಿಟ್ಟು ಆಕಳ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಒಂದು ತಿಂಗಳು ಬೆಳಕಿಗಿಟ್ಟೆ, ಮುಕ್ಕಾಲುಪಾಲು ಬಿಳುಪು ಮರಳಿತು. ಆದರೂ ಆಕಾಶಕ್ಕೆ, ಬಿಳಿ ಧೋತರಕ್ಕೆ ಕುಸುಬಿ ಎಣ್ಣೆಯೇ ಮೇಲು. ಅದು ಹಳದಿಗೆ ತಿರುಗುವುದು ಕಡಿಮೆ, ಒಣಗುವುದು ಮಾತ್ರ ನಿಧಾನ. ಈ ಹುಮ್ಮಸ್ಸಿನಲ್ಲಿ ಕೆಳಪದರಕ್ಕೂ ಕುಸುಬಿ ಹಾಕಿ ಮೇಲೆ ಅಗಸಿ ಎಳೆದು ಎರಡು ಚಿತ್ರ ಬಿರುಕು ಬಿಡಿಸಿಕೊಂಡೆ. ನಿಧಾನ ಒಣಗುವುದರ ಮೇಲೆ ಬೇಗ ಒಣಗುವುದನ್ನು ಹಾಕುವುದು ನಾಲ್ಕನೇ ಕ್ಲಾಸಿನ ತಪ್ಪು, ಗೊತ್ತಿದ್ದೂ ಮಾಡಿದ್ದು.

ಎಣ್ಣೆ ಕೈಗೆ ಬಂದಮೇಲೆ ಮಣ್ಣಿನಿಂದ ಬಣ್ಣ ಮಾಡುವ ಹುಚ್ಚು ಹತ್ತಿತು. ಕಲಘಟಗಿ ರಸ್ತೆ ಬದಿಯ ಕೆಮ್ಮಣ್ಣು ತಂದು ನೀರಲ್ಲಿ ಕದಡಿ, ಮೇಲಿನ ತಿಳಿಗೆಂಪನ್ನು ಮಾತ್ರ ಬಸಿದು ಒಣಗಿಸಿದೆ. ಒಂದು ಚೀಲಕ್ಕೆ ಮೂರ್ನಾಲ್ಕು ಹಿಡಿ ಸಿಕ್ಕಿತು. ದಪ್ಪ ಗಾಜಿನ ಮೇಲೆ ಎಣ್ಣೆ ಹಾಕಿ ಅತ್ತೆಯ ಹಳೆಯ ಗುಂಡುಕಲ್ಲಿನಿಂದ ಅರೆದೆ. ನಮ್ಮವರ ಮೈಬಣ್ಣಕ್ಕೆ ಟ್ಯೂಬಿನ ಬಿಳಿ ಬೆರೆಸಿದಷ್ಟೂ ಮುಖಕ್ಕೆ ಸುಣ್ಣ ಬಳಿದಂತಾಗುತ್ತದೆ. ಕೆಳಗೆ ಬೂದುಹಸಿರು ಒಣಗಲು ಬಿಟ್ಟು, ಮೇಲೆ ಈ ಕೆಂಪನ್ನು ಉಸಿರು ಹಿಡಿದು ತೆಳ್ಳಗೆ ಎಳೆದರೆ ಕೆನ್ನೆಯ ಒಳಗೆ ರಕ್ತ ಓಡಾಡುತ್ತದೆ. ಹೊಲದಿಂದ ಬಂದ ಹೆಣ್ಣುಮಗಳ ತೋಳು ಹೀಗೆ ಮಾಡಿದ್ದು ನನ್ನ ಕೈಯಿಂದ ಬಂದ ಅತಿ ಒಳ್ಳೆಯ ಆರಿಂಚು. ನವಲಗುಂದದ ಎರೆಮಣ್ಣಿಗೂ ಕೈಹಾಕಿದೆ. ಸಿಕ್ಕಾಪಟ್ಟೆ ಎಣ್ಣೆ ಕುಡಿಯಿತು, ರಾಡಿ ಬಣ್ಣ ಕೊಟ್ಟಿತು, ಬೇಸಿಗೆಯಲ್ಲಿ ಹೊಲ ಬಿರಿದಂತೆ ಬಿರಿಯಿತು. ಬಿಟ್ಟೆ.

ಒಂದು ಎಚ್ಚರ. ಈ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಡಬ್ಬಿಯಲ್ಲಿ ಇಡಬೇಡಿ. ಮೇ ತಿಂಗಳ ಒಂದು ಮಧ್ಯಾಹ್ನ ಅತ್ತೆ ಕೂಗಿದರು: "ಯವ್ವಾ, ಹಾಲು ಉಕ್ಕೇತೇನ ನೋಡ, ಹೊತ್ತಿದ ವಾಸನಿ." ಹಾಲಲ್ಲ, ನನ್ನ ಡಬ್ಬಿ. ಬೆಂಕಿ ಕಡ್ಡಿ ಸೋಕದೆ ತಾನೇ ಕಾದು ಹೊಗೆಯಾಡುತ್ತಿತ್ತು. ಈಗ ಬಕೆಟ್ ನೀರಲ್ಲಿ ಅದ್ದಿ, ಬಿಡಿಸಿ ಹೊರಗೆ ಹರವುತ್ತೇನೆ.

ಎಲ್ಲ ಸೇರಿ ಈಗ ಲೀಟರಿಗೆ ಐನೂರು, ಐನೂರೈವತ್ತು ಬೀಳುತ್ತದೆ. ಮೊದಲ ಗಾಣದ್ದು ಅತ್ತೆಯ ಪಾಲು, ಚಟ್ನಿಗೆ. ಹತ್ತಿ ಒರೆಸಿ ತೋರಿಸಿದ ದಿನ ಆ ಅಂಗಡಿಯವರು ಏನೂ ಅನ್ನಲಿಲ್ಲ. ಮರುವಾರ ಹುಡುಗನ ಕೈಲಿ ಬಾಟಲಿ ಕಳಿಸಿ ಅರ್ಧ ಲೀಟರ್ ತರಿಸಿಕೊಂಡರು. ರೊಕ್ಕ ಇನ್ನೂ ಬಂದಿಲ್ಲ.