ನೂರು ವರ್ಷದ ಗೋಡೆ, ಎರಡು ವರ್ಷದ ಸಿಮೆಂಟು

ನಾವು ಹಳೇ ಪೇಟೆಯಲ್ಲಿ ಮನೆ ಕೊಂಡು 6 ವರ್ಷ ಆಯಿತು. ಅದಕ್ಕೆ ಮುಂಚೆ 14 ತಿಂಗಳು ಅದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ, ಬಾಡಿಗೆಗೆ ಇದ್ದೆವು. ಹಳೆ ಮನೆ ಕೊಳ್ಳುವ ಆಸೆ ಇರುವವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಆ 14 ತಿಂಗಳ ಕಥೆಯನ್ನೇ. ವಕೀಲರು, ಇಂಜಿನಿಯರ್, ಬ್ಯಾಂಕಿನವರು ಎಲ್ಲ ಆಮೇಲೆ.

ಯಾಕಂದರೆ ನಾವು ಮೊದಲು ಮನಸೋತದ್ದು ಈ ಮನೆಗಲ್ಲ. ಬೀದಿಯ ಕೆಳತುದಿಯಲ್ಲಿ ಇನ್ನೊಂದಿತ್ತು. ಕೆತ್ತನೆಯ ಬಾಗಿಲು, ಒಳಗೆ ಪುಟ್ಟ ಅಂಗಳ, ಕೈ ತಾಗಿ ತಾಗಿ ನುಣ್ಣಗಾದ ಮರದ ಕಂಬಗಳು. ನೋಡಿದ್ದು ಬೇಸಿಗೆಯಲ್ಲಿ. ಮುಂಗಡ ಕೊಡಲು ದಿನ ಗೊತ್ತು ಮಾಡುವವರೆಗೂ ಹೋಗಿದ್ದೆವು. ಮಾರುವವರೇ ಏನೋ ಕಾರಣಕ್ಕೆ ಎರಡು ತಿಂಗಳು ಮುಂದೂಡಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಜೋರಾಗಿ ಸುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಬೀದಿಯ ನೀರು ಆ ಚೆಂದದ ಹೊಸಿಲು ದಾಟಿ ಅಂಗಳದಲ್ಲಿ ನಿಂತಿತ್ತು. "ಪ್ರತಿ ವರ್ಷ ಇದ್ದದ್ದೇ," ಅಂದರು ಎದುರು ಮನೆಯ ಅಜ್ಜಿ, ತಮ್ಮ ಜಗಲಿ ಮೇಲೆ ಕೂತುಕೊಂಡೇ. "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ಅವತ್ತಿನಿಂದ ಕೇಳೋಕೆ ಶುರು ಮಾಡಿದೆವು. ಸಾಮಾನಿನ ಗಾಡಿ ಎಲ್ಲಿವರೆಗೆ ಬರುತ್ತದೆ, ಆಂಬುಲೆನ್ಸ್ ತಿರುಗೋಕೆ ಆಗುತ್ತಾ, ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾರ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ಅಂಗಡಿಗಳಿಗೆ ಮಾಲು ಇಳಿಸುವುದು ಬೆಳಗಿನ ಜಾವ ನಾಲ್ಕೂವರೆಗೆ ಅನ್ನುವುದು ಬಾಡಿಗೆಗಿದ್ದ ಮೊದಲ ವಾರವೇ ಗೊತ್ತಾಯಿತು. ರಜಾದಿನಗಳಲ್ಲಿ ಗುರುತಿಲ್ಲದವರು ಬಂದು ನಿಮ್ಮ ಕಿಟಕಿ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವು ಒಳಗೆ ತಲೆ ಬಾಚಿಕೊಳ್ಳುತ್ತಿದ್ದರೂ ಸರಿ. ಇದು ಆಗಿಬರದವರು ಹಳೇ ಪೇಟೆಗೆ ಬರಬಾರದು. ನನಗೆ ಆಗಿಬಂತು, ನಮ್ಮವರಿಗೆ ಈಗಲೂ ಸಿಟ್ಟು ಬರುತ್ತದೆ.

ಈಗಿನ ಮನೆಯ ಸುದ್ದಿ ಕೊಟ್ಟಿದ್ದೂ ಅದೇ ಅಜ್ಜಿ. ಎರಡು ವರ್ಷದಿಂದ ಬೀಗ ಹಾಕಿದ್ದ ಮನೆ. ಮಾರಾಟದ ಬೋರ್ಡ್ ಇರಲಿಲ್ಲ. ವಾರಸುದಾರರು ಐದು ಜನ, ಅದರಲ್ಲಿ ಒಬ್ಬರು ಹೊರದೇಶದಲ್ಲಿ. ನಾಲ್ಕು ಜನ ಒಪ್ಪಿದ್ದರು, ಐದನೆಯವರು ಉತ್ತರವೇ ಕೊಡುತ್ತಿರಲಿಲ್ಲ. "ಅವರದ್ದೇನು, ಆಮೇಲೆ ಸಹಿ ಹಾಕ್ತಾರೆ ಬಿಡಿ," ಅಂತ ಉಳಿದವರು ಹೇಳಿದಾಗ ನಮ್ಮ ವಕೀಲರು ಕಾಗದಗಳನ್ನು ಮಡಚಿ ಎದ್ದುಬಿಟ್ಟರು. ಆ ಒಂದು ಸಹಿಗೆ ಏಳು ತಿಂಗಳು ಕಾದೆವು. ಹಳೆ ಮನೆಗಳಲ್ಲಿ ತಲೆಮಾರುಗಳು ಜಾಸ್ತಿ, ಹಕ್ಕುದಾರರೂ ಜಾಸ್ತಿ. ಒಬ್ಬರನ್ನು ಬಿಟ್ಟು ಬರೆಸಿದ ಪತ್ರ ಮುಂದೆ ಯಾವತ್ತಾದರೂ ಕೋರ್ಟಿಗೆ ಎಳೆಯುತ್ತದೆ.

ಇನ್ನೊಂದು ಗೋಳು, ಗಡಿ. ಮೂಲಪತ್ರದಲ್ಲಿ ಮನೆಯ ಪಶ್ಚಿಮಕ್ಕೆ ಒಂದು ಬಾವಿ ಇದೆ ಅಂತ ಬರೆದಿತ್ತು. ಬಾವಿ ಎಲ್ಲಿತ್ತು ಅಂತ ತಿಳಿದವರು ಯಾರೂ ಉಳಿದಿಲ್ಲ. ಹಣ ಕೊಟ್ಟು ಅಳತೆ ಮಾಡಿಸಿ ನಕ್ಷೆ ಬರೆಸಿದೆವು. ಪತ್ರದ ಪಕ್ಕ ಇಟ್ಟು ನೋಡಿದರೆ ಹಿತ್ತಲ ಮೆಟ್ಟಿಲ ಕೊನೆಯ ಎರಡು ಅಡಿ ಪಕ್ಕದವರ ಜಾಗದಲ್ಲಿತ್ತು. ಅವರ ಮಳೆನೀರಿನ ಕಾಲುವೆ ನಮ್ಮ ನೆಲದ ಕೆಳಗೆ ಹರಿಯುತ್ತಿತ್ತು. ಎಷ್ಟೋ ವರ್ಷದಿಂದ ಬಾಯಿಮಾತಲ್ಲೇ ನಡೆದುಬಂದದ್ದು. ಕೊಳ್ಳುವ ಮುಂಚೆಯೇ ಎರಡನ್ನೂ ಬರವಣಿಗೆಯಲ್ಲಿ ಮಾಡಿಕೊಂಡೆವು. ಆಮೇಲೆ ಕೇಳಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ.

ಸಾಲದ ವಿಷಯ ಚುಟುಕಾಗಿ ಹೇಳುತ್ತೇನೆ. ಮನೆಗೆ ನೂರು ವರ್ಷ ದಾಟಿದೆ ಅಂದ ಕೂಡಲೇ ಮೊದಲ ಬ್ಯಾಂಕಿನವರು ಬೇಡ ಅಂದರು. ಎರಡನೆಯವರು ನಾವು ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರು. ರಿಪೇರಿಗೆ ಮನೆಯ ಬೆಲೆಯ ನೂರಕ್ಕೆ 20ರಷ್ಟು ಎತ್ತಿಟ್ಟಿದ್ದೆವು. ಖರ್ಚಾದದ್ದು 35ರ ಹತ್ತಿರ. ಅದರಲ್ಲಿ ಒಂದಷ್ಟು ನಮ್ಮ ದಡ್ಡತನದ ಖರ್ಚು, ಅದನ್ನು ಮುಂದೆ ಹೇಳುತ್ತೇನೆ.

ಮನೆ ಪರೀಕ್ಷೆಗೆ ಇಂಜಿನಿಯರ್ ಜೊತೆ ಒಬ್ಬ ಹಳೇ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿದ್ದೆವು. ಇಂಜಿನಿಯರ್ ಬಿರುಕುಗಳನ್ನು ನೋಡಿದರು. ಪ್ರತಿ ಬಿರುಕಿನ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದರು. ಬಿರುಕು ಇರುವುದು ದೊಡ್ಡದಲ್ಲ, ಅದು ಇನ್ನೂ ಬೆಳೆಯುತ್ತಿದೆಯಾ ಅನ್ನುವುದು ಮುಖ್ಯ ಅಂದರು. ಮೇಸ್ತ್ರಿ ಬೆರಳಿನಿಂದ ಗೋಡೆ ತಟ್ಟುತ್ತಾ ಹೋದರು. ಡಬ ಡಬ ಅಂದ ಕಡೆ ಗಿಲಾವು ಒಳಗೆ ಬಿಟ್ಟುಕೊಂಡಿದೆ ಅಂತ ಅರ್ಥ. ತೊಲೆಗಳ ನಡುಭಾಗವನ್ನು ಅವರು ನೋಡಲೇ ಇಲ್ಲ. ಏಣಿ ಹಾಕಿ, ತೊಲೆ ಗೋಡೆಯೊಳಗೆ ಹೊಕ್ಕುವ ಜಾಗಕ್ಕೆ ದಬ್ಬಣ ಚುಚ್ಚಿದರು. ಮರ ಮೊದಲು ಲಡ್ಡಾಗುವುದು ಅಲ್ಲೇ, ಗೋಡೆಯ ತೇವ ತಾಗುವ ತುದಿಯಲ್ಲಿ. ಹನ್ನೊಂದು ತೊಲೆಗಳಲ್ಲಿ ಎರಡಕ್ಕೆ ದಬ್ಬಣ ಬೆಣ್ಣೆಗೆ ಇಳಿದಂತೆ ಇಳಿಯಿತು. ಆ ಎರಡನ್ನೂ ಪೂರ್ತಿ ಕಿತ್ತು ಹಾಕಲಿಲ್ಲ. ಕೆಟ್ಟ ತುದಿ ಕತ್ತರಿಸಿ, ಹೊಸ ಮರದ ತುಂಡನ್ನು ಬೆಸೆದರು. ವೈರಿಂಗ್ ಮತ್ತು ನೀರಿನ ಪೈಪು ಮಾತ್ರ ಪೂರ್ತಿ ಹೊಸದು, ಅಲ್ಲಿ ಹಳೆಯದರ ಮೇಲೆ ಪ್ರೀತಿ ಇಟ್ಟುಕೊಳ್ಳಬಾರದು. ಬಾಗಿಲಿನ ಹಳೇ ಬಣ್ಣವನ್ನೂ ಒಣಗಿದ್ದಾಗ ಉಜ್ಜಬೇಡಿ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕದಲ್ಲಿ ಮನೆಗಳಿಗೆ ಅಂಥ ಬಣ್ಣ ನಿಷೇಧ ಆಗಿದ್ದೇ 1978ರಲ್ಲಿ. ಆ ಧೂಳು ಚಿಕ್ಕ ಮಕ್ಕಳಿಗೆ ವಿಷ. ಒದ್ದೆ ಮಾಡಿಕೊಂಡು ಕೆರೆಯಬೇಕು, ಮಕ್ಕಳನ್ನು ದೂರ ಇಡಬೇಕು.

ಈಗ ದಡ್ಡತನದ ವಿಷಯ. ಮುಂದಿನ ಕೋಣೆಯ ಗೋಡೆಯಲ್ಲಿ ನೆಲದಿಂದ ಮೂರು ಅಡಿವರೆಗೆ ತೇವ ಇತ್ತು. ಬಣ್ಣ ಎದ್ದು, ಗಿಲಾವು ಪುಡಿಯಾಗಿ ಬೀಳುತ್ತಿತ್ತು. ಸಾಮಾನು ತರುವ ದಿನ ಹತ್ತಿರ ಬಂದಿತ್ತು. ಮೇಸ್ತ್ರಿ ಬೇರೆ ಊರಲ್ಲಿ ಕೆಲಸ ಹಿಡಿದಿದ್ದರು. ಆಗ ಸಿಕ್ಕ ಗುತ್ತಿಗೆದಾರರು, "ಮೇಡಂ, ಇದೆಲ್ಲ ಏನೂ ಅಲ್ಲ. ಸುಣ್ಣದ ಗಾರೆ ಕೆರೆದು ಸಿಮೆಂಟ್ ಮಾಡಿ ಮೇಲೊಂದು ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಮುಗೀತು," ಅಂದರು. ನಾಲ್ಕೇ ದಿನದಲ್ಲಿ ಗೋಡೆ ಕನ್ನಡಿ ಥರ ಆಯಿತು. ನನಗೆ ಖುಷಿಯೋ ಖುಷಿ.

ಎರಡನೇ ವರ್ಷ ತೇವ ಮತ್ತೆ ಕಾಣಿಸಿತು. ಈ ಸಲ ಐದು ಅಡಿ ಎತ್ತರದಲ್ಲಿ, ಸಿಮೆಂಟು ಮುಗಿಯುವ ಗೆರೆಯ ಮೇಲೆ. ಒಂದು ಕಡೆ ಸಿಮೆಂಟ್ ಪದರ ಹಪ್ಪಳದಂತೆ ಉಬ್ಬಿಕೊಂಡಿತ್ತು. ಮೇಸ್ತ್ರಿ ಬಂದು ಒಂದು ತುಂಡು ಕಿತ್ತರು. ಅದರ ಬೆನ್ನಿಗೆ ಇಟ್ಟಿಗೆಯ ಮುಖವೇ ಅಂಟಿಕೊಂಡು ಬಂತು, ಹಿಂದೆ ಬಿಳಿ ಉಪ್ಪು.

ನೆಲದ ನೀರು ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ. ಸುಣ್ಣದ ಗಾರೆ ಇದ್ದಾಗ ಆ ನೀರು ಅದರ ಮೂಲಕ ಹೊರಗೆ ಬಂದು ಗಾಳಿಗೆ ಆರಿಹೋಗುತ್ತಿತ್ತು. ಗಾರೆ ಸ್ವಲ್ಪ ಉದುರುತ್ತಿತ್ತು ನಿಜ, ಆದರೆ ಉದುರುವುದು ಗಾರೆ, ಇಟ್ಟಿಗೆ ಅಲ್ಲ. ನಾವು ಸಿಮೆಂಟು ಹಾಕಿ ದಾರಿ ಮುಚ್ಚಿದೆವು. ನೀರು ದಾರಿ ಹುಡುಕಿಕೊಂಡು ಇನ್ನೂ ಮೇಲೆ ಹೋಯಿತು. ಜೊತೆಗೆ ತಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಒಡೆಯಿತು. ಜೋಸೆಫ್ ಆಸ್ಪ್‌ಡಿನ್ ಅನ್ನುವವರು ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಮನೆಮನೆಗೆ ಬರೋಕೆ ಇನ್ನೂ ಬಹಳ ಕಾಲ ಹಿಡಿಯಿತು. ಅಲ್ಲಿವರೆಗೆ ಸಾವಿರಾರು ವರ್ಷ ಜನ ಸುಣ್ಣದಲ್ಲೇ ಕಟ್ಟಿದ್ದಾರೆ. ಸುಣ್ಣ ಮೆತ್ತಗಿನ ವಸ್ತು, ಹಳೇ ಇಟ್ಟಿಗೆಯೂ ಮೆತ್ತಗಿನದೇ. ಎರಡಕ್ಕೂ ಹೊಂದುತ್ತದೆ. ಸಿಮೆಂಟು ಕೆಟ್ಟದ್ದು ಅಂತಲ್ಲ, ಈ ಗೋಡೆಗೆ ಅದು ಸರಿಯಾದ ಜೋಡಿ ಅಲ್ಲ.

"ಅಮ್ಮಾ, ಮೊದಲು ಹೊರಗೆ ಬನ್ನಿ," ಅಂದರು ಮೇಸ್ತ್ರಿ. ಬೀದಿಯಲ್ಲಿ ನಿಲ್ಲಿಸಿ ತೋರಿಸಿದರು. ರಸ್ತೆಗೆ ವರ್ಷ ವರ್ಷ ಪದರದ ಮೇಲೆ ಪದರ ಹಾಕಿ, ಹೊರಗಿನ ನೆಲ ನಮ್ಮ ಕೋಣೆಯ ನೆಲಕ್ಕಿಂತ ಒಂದು ಅಂಗೈಯಷ್ಟು ಎತ್ತರ ಆಗಿತ್ತು. ಮಳೆ ನೀರು ಗೋಡೆ ಬುಡದಲ್ಲೇ ಇಂಗುತ್ತಿತ್ತು. ಎರಡು ವರ್ಷ ಅದೇ ಬಾಗಿಲಿನಿಂದ ಓಡಾಡಿದ್ದೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಅನುಮತಿ ತೆಗೆದುಕೊಂಡು ಗೋಡೆ ಉದ್ದಕ್ಕೂ ಸಣ್ಣ ಕಾಲುವೆ ತೋಡಿ ಜಲ್ಲಿ ತುಂಬಿದೆವು. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಇನ್ನರ್ಧಕ್ಕೆ ತಾಳ್ಮೆ ಬೇಕಾಯಿತು. ಸಿಮೆಂಟ್ ಪೂರ್ತಿ ಕಿತ್ತು, ಗೋಡೆಯನ್ನು ಬೆತ್ತಲೆ ಬಿಟ್ಟೆವು. ದಪ್ಪ ಗೋಡೆ ಒಣಗೋಕೆ ಇಂಚಿಗೆ ಒಂದು ತಿಂಗಳು ಅಂತ ಒಂದು ಅಂದಾಜಿದೆ. ನಮ್ಮದು 18 ಇಂಚು. ಅಷ್ಟೆಲ್ಲ ಕಾಯೋಕೆ ನಮಗೆ ಆಗಲಿಲ್ಲ, ಒಂಬತ್ತು ತಿಂಗಳು ಬಿಟ್ಟೆವು. ಬಂದವರೆಲ್ಲ "ಇದೇನು ಗೋಡೆ ಹೀಗೆ?" ಅಂತ ಕೇಳಿದರು. ಆಮೇಲೆ ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ ಮೂರು ಪದರ. ಪ್ರತಿ ಪದರಕ್ಕೂ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು, ಆದಮೇಲೆ ಒದ್ದೆ ಗೋಣಿತಾಟು ಇಳಿಬಿಡಬೇಕು. ಬೇಗ ಒಣಗಿದರೆ ಬಿರಿಯುತ್ತದೆ. ಸುಣ್ಣ ಗಟ್ಟಿಯಾಗುವುದು ಒಣಗಿ ಅಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗಿ. ಅದಕ್ಕೆ ದಿನಗಳಲ್ಲ, ತಿಂಗಳುಗಳು ಬೇಕು. ಕೊನೆಗೆ ಸುಣ್ಣದ ತಿಳಿ ಬಳಿದ ದಿನ ಗೋಡೆ ಹಾಲಿಗೆ ನೀರು ಬೆರೆಸಿದಂತೆ ಕಾಣುತ್ತಿತ್ತು. ದುಡ್ಡು ಹೋಯಿತಲ್ಲ ಅಂತ ಮಲಗಿದೆ. ಬೆಳಿಗ್ಗೆ ಎದ್ದರೆ ಅಚ್ಚ ಬಿಳುಪು.

ಕಿಟಕಿಗಳದ್ದು ಬೇರೆ ಪಾಠ. ಬೀದಿ ಕಡೆಯ ಮರದ ಕಿಟಕಿ ತೆಗೆದು ಅಲ್ಯುಮಿನಿಯಂ ಹಾಕಿಸುವ ಯೋಚನೆ ನಮ್ಮವರದ್ದು. ಸಂರಕ್ಷಿತ ಪ್ರದೇಶವಾದ್ದರಿಂದ ಹೊರನೋಟ ಬದಲಿಸೋಕೆ ಅನುಮತಿ ಬೇಕು. ಅರ್ಜಿ ಹಾಕಿ ಐದು ತಿಂಗಳಾದ ಮೇಲೆ "ಆಗಲ್ಲ" ಅಂತ ಉತ್ತರ ಬಂತು. ಸಿಟ್ಟು ಬಂದು ಈ ನಿಯಮಗಳ ಹುಟ್ಟನ್ನೇ ಹುಡುಕಿ ಓದಿದೆ. ಅಮೆರಿಕದ ಚಾರ್ಲ್ಸ್‌ಟನ್ ನಗರ 1931ರಲ್ಲೇ ಒಂದು ಇಡೀ ಹಳೇ ಬಡಾವಣೆಗೆ ಇಂಥ ರಕ್ಷಣೆ ಕೊಟ್ಟಿತ್ತು. ನ್ಯೂಯಾರ್ಕ್‌ನವರಿಗೆ ಬುದ್ಧಿ ಬಂದದ್ದು ಪೆನ್ಸಿಲ್ವೇನಿಯಾ ಸ್ಟೇಷನ್ನಿನ ಭವ್ಯ ಕಟ್ಟಡವನ್ನು 1963ರಲ್ಲಿ ಕೆಡವಲು ಶುರು ಮಾಡಿದ ಮೇಲೆ. 1965ರಲ್ಲಿ ಕಾನೂನು ತಂದರು. ಓದಿದ ಮೇಲೂ ಐದು ತಿಂಗಳು ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಆದರೆ ಪಕ್ಕದ ಬೀದಿಗೆ ಆ ರಕ್ಷಣೆ ಇಲ್ಲ, ಅಲ್ಲಿ ಮೂರು ವರ್ಷದಲ್ಲಿ ನಾಲ್ಕು ಹಳೇ ಮನೆ ಹೋದವು. ನಮ್ಮ ಕಿಟಕಿಗಳನ್ನು ಬಡಗಿ ಬಿಚ್ಚಿ, ಕೆಟ್ಟ ಪಟ್ಟಿ ಬದಲಿಸಿ, ಸಂದಿಗೆ ರಬ್ಬರ್ ಪಟ್ಟಿ ಕೂರಿಸಿಕೊಟ್ಟರು. ಹೊಸದಕ್ಕೆ ಆಗುತ್ತಿದ್ದ ಖರ್ಚಿನ ಅರ್ಧವೂ ಆಗಲಿಲ್ಲ. ನೀವು ಕೊಳ್ಳುವುದಾದರೆ ಸಹಿಗೆ ಮುಂಚೆಯೇ ಈ ಅನುಮತಿ ಕೊಡುವ ಕಚೇರಿಗೆ ಹೋಗಿ, ನಿಮ್ಮ ಮನೆಗೆ ಯಾವ ದರ್ಜೆ, ಹೊರಗೆ ಮಾತ್ರವೋ ಒಳಗೂ ನಿಯಮ ಇದೆಯೋ ಅಂತ ಬರಹದಲ್ಲಿ ಕೇಳಿ. ಹಿಂದಿನವರು ಅನುಮತಿ ಇಲ್ಲದೆ ಏನಾದರೂ ಕಟ್ಟಿದ್ದರೆ ಅದು ನಿಮ್ಮ ತಲೆಗೆ ಬರಬಹುದು.

ವಾಸ ಹೇಗಿದೆ ಅಂತ ಕೇಳುತ್ತಾರೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅವರ ಗಡಿಯಾರ ಹನ್ನೆರಡು ಹೊಡೆದರೆ ನಮಗೆ ಎಣಿಸಬಹುದು. ನಾವು ಮೊಳೆ ಹೊಡೆಯುವ ಮುಂಚೆ ಅವರಿಗೆ ಹೇಳುತ್ತೇವೆ. ಬೇಸಿಗೆಯಲ್ಲಿ ಒಳಗೆ ತಂಪು, ಮಧ್ಯಾಹ್ನವೂ ದೀಪ ಬೇಕು. ದೊಡ್ಡ ಬೀರು ಬಾಗಿಲಲ್ಲಿ ಹಿಡಿಸದೆ ಬಿಚ್ಚಿ ತಂದೆವು. ಔಷಧಿ ಅಂಗಡಿ, ದರ್ಜಿ, ಸೈಕಲ್ ರಿಪೇರಿ ಎಲ್ಲ ನಡೆದುಹೋಗುವಷ್ಟು ಹತ್ತಿರ. ಗಾಡಿ ಮಾತ್ರ ಎರಡು ಬೀದಿ ಆಚೆ ನಿಲ್ಲುತ್ತದೆ.

ಒಂದು ವಿಷಯ ನನ್ನನ್ನು ಕಾಡುತ್ತದೆ. 1964ರಲ್ಲಿ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಲಂಡನ್ನಿನ ಹಳೇ ಬೀದಿಗಳನ್ನು ನೋಡಿ 'ಜೆಂಟ್ರಿಫಿಕೇಶನ್' ಅನ್ನುವ ಪದ ಹುಟ್ಟಿಸಿದರು. ದುಡ್ಡಿರುವವರು ಬಂದು ಹಳೇ ಮನೆ ಕೊಂಡು ಚೆಂದ ಮಾಡುತ್ತಾರೆ, ಬಾಡಿಗೆ ಏರುತ್ತದೆ, ಮೊದಲಿದ್ದವರು ಜಾಗ ಬಿಡುತ್ತಾರೆ. ನಾವು ಬಾಡಿಗೆಗಿದ್ದ ಮನೆಯಲ್ಲಿ ಈಗ ಪ್ರವಾಸಿಗರಿಗೆ ರೂಮು ಕೊಡುತ್ತಾರೆ. ದರ್ಜಿ ಹೋದ ವರ್ಷ ಅಂಗಡಿ ಅರ್ಧ ಮಾಡಿಕೊಂಡರು. ಸುಣ್ಣದ ಗೋಡೆ ಚೆನ್ನಾಗಿದೆ ಅಂತ ಯಾರಾದರೂ ಹೊಗಳಿದಾಗ ದರ್ಜಿಯ ಮುಖ ನೆನಪಾಗುತ್ತದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹಿತ್ತಲ ಗೋಡೆಯಲ್ಲಿ ಹಿಂದಿನವರು ಹಾಕಿದ ಸಿಮೆಂಟ್ ಇನ್ನೂ ಇದೆ. ಅದನ್ನೂ ಕೀಳಿಸಬೇಕು ಅಂತ ನನಗೆ ಆತುರ. ಮೇಸ್ತ್ರಿ ಬೇಡ ಅನ್ನುತ್ತಾರೆ. ಅದು ಗಟ್ಟಿಯಾಗಿ ಹಿಡಿದುಕೊಂಡಿದೆ, ಕೀಳಲು ಹೋದರೆ ಇಟ್ಟಿಗೆ ಹೋಗುತ್ತದೆ, ತಾನೇ ಬಿಡುವವರೆಗೆ ಕಾಯಿರಿ ಅಂತ. ಹಳೇ ಕಟ್ಟಡಗಳನ್ನು ಕಾಪಾಡುವ ಬಗ್ಗೆ ಆಸ್ಟ್ರೇಲಿಯಾದವರು 1979ರಲ್ಲಿ ಬರೆದ ಬರ್ರಾ ಸನ್ನದೂ ಇದನ್ನೇ ಹೇಳುತ್ತದೆ, ಬೇಕಾದಷ್ಟು ಮಾಡಿ, ಆದಷ್ಟೂ ಕಡಿಮೆ ಮಾಡಿ. ಹಾಗಾಗಿ ತಿಂಗಳಿಗೊಮ್ಮೆ ಹೋಗಿ ತಟ್ಟಿ ನೋಡುತ್ತೇನೆ. ಮೊನ್ನೆ ಎಡಮೂಲೆಯಲ್ಲಿ ಮೊದಲ ಸಲ ಡಬ ಅಂತು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ತಾರೀಖು ಬರೆದಿಟ್ಟಿದ್ದೇನೆ.