ಮೊದಲು ಎಲೆ ಮೂಸಿ, ಆಮೇಲೆ ಎಣ್ಣೆ

ಗಿಡಗಳಿಂದ ತೆಗೆದ ಸುಗಂಧ ತೈಲ ಕೊಂಡವರು ಮುಚ್ಚಳ ತೆಗೆದ ಕೂಡಲೇ ಬಾಟಲಿಯನ್ನೇ ಮೂಗಿಗೆ ಹಿಡಿಯುತ್ತಾರೆ. ಆಗ ಸಿಗುವುದು ಘಾಟು, ಪರಿಮಳವಲ್ಲ. ಮನಸ್ಸಿಟ್ಟು ಮೂಸುವುದನ್ನು ಕಲಿಯಬೇಕೆಂದರೆ ಎಲೆ, ಬೇರು, ಚೆಕ್ಕೆಯಿಂದ ಶುರುಮಾಡಿ.

ಬೆಳಿಗ್ಗೆ ಕಾಫಿ ಕುಡಿಯುವ ಮೊದಲು, ಊದುಬತ್ತಿ ಹಚ್ಚುವ ಮೊದಲು ಒಳ್ಳೆಯ ಹೊತ್ತು. ಈರುಳ್ಳಿ ಹೆಚ್ಚಿದ ಕೈ ಬೇಡ. ನೆಗಡಿಯಿದ್ದರೆ ಅವತ್ತು ಬಿಟ್ಟುಬಿಡಿ. ಒಂದು ಸಲಕ್ಕೆ ಮೂರು ಪದಾರ್ಥ ಸಾಕು.

ಒಂದೊಂದು ಗಿಡ ಒಂದೊಂದು ಕಡೆ ಎಣ್ಣೆ ಇಟ್ಟುಕೊಂಡಿರುತ್ತದೆ, ಅದನ್ನು ಹೊರಡಿಸುವ ಕ್ರಮವೂ ಬೇರೆ. ತುಳಸಿ, ಪುದೀನ, ದೊಡ್ಡಪತ್ರೆಗಳಲ್ಲಿ ಎಲೆಯ ಮೇಲಿನ ಪುಟ್ಟ ಗ್ರಂಥಿಗಳಲ್ಲಿ ಎಣ್ಣೆ ಇರುತ್ತದೆ. ಬೆರಳಿನಿಂದ ಮೆಲ್ಲಗೆ ಸವರಿದರೆ ಸಾಕು. ಹಿಸುಕಿದಿರೋ, ಹಸಿಸೊಪ್ಪಿನ ವಾಸನೆ ಮೇಲೆದ್ದು ಘಮವನ್ನು ಮುಚ್ಚಿಬಿಡುತ್ತದೆ. ಮಜ್ಜಿಗೆ ಹುಲ್ಲು ಇದಕ್ಕೆ ಉಲ್ಟಾ: ಎಣ್ಣೆ ಒಳಗಿನ ಕೋಶಗಳಲ್ಲಿದೆ, ಎರಡಿಂಚು ತುಂಡು ಮಾಡಿ ಚೆನ್ನಾಗಿ ತಿರುಚಬೇಕು. ನಿಂಬೆಯ ಸಿಪ್ಪೆಯನ್ನು ಹಳದಿ ಮೈ ಹೊರಗಿರುವಂತೆ ಮಡಚಿದರೆ ಸಣ್ಣ ತುಂತುರು ಚಿಮ್ಮುತ್ತದೆ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಲಾವಂಚದ ಒಣಬೇರು ಹಾಗೇ ಮೂಸಿದರೆ ಸಪ್ಪೆ. ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಮಣ್ಣಿನ ತಂಪು ಘಮ ಬಿಡುತ್ತದೆ. ಶ್ರೀಗಂಧದಲ್ಲಿ ಕಂಪಿರುವುದು ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ, ಹೊರಗಿನ ಬಿಳಿಮರದಲ್ಲಲ್ಲ. ಸಾಣೆಕಲ್ಲಿನ ಮೇಲೆ ಒಂದೆರಡು ಹನಿ ನೀರು ಹಾಕಿ ತೇಯಿರಿ, ಅವಸರ ಮಾಡಬೇಡಿ.

ಮಲ್ಲಿಗೆಗೆ ಸಂಜೆಯೇ ಸರಿ. ಕಿತ್ತ ಮೊಗ್ಗು ಆಮೇಲೂ ಅರಳುತ್ತಾ ಕಂಪು ಬಿಡುತ್ತಲೇ ಇರುತ್ತದೆ. ಹಬೆ ಹಾಯಿಸಿ ಎಣ್ಣೆ ತೆಗೆದರೆ ಆ ಬಿಸಿಗೆ ಈ ನವಿರು ಕೆಡುವುದರಿಂದ ಮಲ್ಲಿಗೆಯ ಸುಗಂಧವನ್ನು ಸಾಮಾನ್ಯವಾಗಿ ದ್ರಾವಕ (ಸುಗಂಧವನ್ನು ಕರಗಿಸಿಕೊಳ್ಳುವ ದ್ರವ) ಬಳಸಿ ತೆಗೆಯುತ್ತಾರೆ. ರಾಶಿ ಹೂವಿಗೆ ಸಿಗುವುದು ಸ್ವಲ್ಪವೇ, ಬೆಲೆಯೂ ಹಾಗೇ. 10 ಮಿಲಿ ‘ಮಲ್ಲಿಗೆ ಎಣ್ಣೆ’ ಇನ್ನೂರು ರೂಪಾಯಿಗೆ ಸಿಕ್ಕಿದರೆ ಅದು ಅಸಲಿಯಲ್ಲ ಎಂದೇ ತಿಳಿಯಿರಿ.

ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದು ಎರಡು ಮೂರು ಸಣ್ಣ ಉಸಿರು ತೆಗೆದುಕೊಳ್ಳಿ. ದೀರ್ಘವಾಗಿ ಎಳೆಯುವುದು ಬೇಡ. ಹೆಸರು ನೆನಪಾಗುವುದಕ್ಕೆ ಮುಂಚೆ ತಂಪೋ ಕಾರವೋ ಒಗರೋ, ಗಂಟಲಿಗೆ ತಾಗಿತೋ ಇಲ್ಲವೋ ಗಮನಿಸಿ. ಹೆಸರು ಹೊಳೆದ ಮೇಲೆ ಮೂಗು ಹುಡುಕುವುದನ್ನೇ ನಿಲ್ಲಿಸುತ್ತದೆ. ಸ್ವಲ್ಪ ಹೊತ್ತಿಗೆ ಘಮ ಇಲ್ಲವಾದಂತೆ ಅನ್ನಿಸಿದರೆ ಗಾಬರಿಯಾಗಬೇಡಿ, ಮೂಗು ಅದಕ್ಕೆ ಒಗ್ಗಿಕೊಂಡಿದೆ ಅಷ್ಟೆ. ಕಾಫಿ ಬೀಜ ಮೂಸಿದರೆ ಸರಿಯಾಗುತ್ತದೆ ಎನ್ನುತ್ತಾರೆ, ಅದರ ಅಗತ್ಯವಿಲ್ಲ. ಹೊರಗೆ ಹೋಗಿ ಎರಡು ನಿಮಿಷ ಗಾಳಿ ಕುಡಿದು ಬನ್ನಿ.

ಇಷ್ಟು ಅಭ್ಯಾಸವಾದ ಮೇಲೆ ಬಾಟಲಿ ತೆರೆಯಿರಿ. ಲೇಬಲ್ಲಿನಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ತೆಗೆದ ವಿಧಾನ ಇರಬೇಕು. ‘ಫ್ರೇಗ್ರೆನ್ಸ್ ಆಯಿಲ್’ ಎಂದಿದ್ದರೆ ಅದು ಬೇರೆಯೇ ವಸ್ತು, ಹೆಚ್ಚಾಗಿ ಕೃತಕ ಸುಗಂಧ. ದಪ್ಪ ಡ್ರಾಯಿಂಗ್ ಹಾಳೆಯನ್ನು ಬೆರಳಗಲ ಪಟ್ಟಿ ಮಾಡಿ, ತುದಿಗೆ ಒಂದೇ ಹನಿ ಹಾಕಿ, ಹೆಸರು ಬರೆದಿಡಿ. ಕೂಡಲೇ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಮೂಸಿ. ನಿಂಬೆ ಮೊದಲು ಹಾರಿಹೋಗುತ್ತದೆ, ಲಾವಂಚ, ಶ್ರೀಗಂಧ ಮರುದಿನವೂ ನಿಂತಿರುತ್ತವೆ. ನೀಲಗಿರಿಯಂಥ ಹಗುರ ಎಣ್ಣೆ ಮರುದಿನವೂ ಜಿಡ್ಡಿನ ಕಲೆ ಉಳಿಸಿದ್ದರೆ ಅದಕ್ಕೆ ಬೇರೆ ಎಣ್ಣೆ ಬೆರೆಸಿದ್ದಾರೆಂದೇ ಅನುಮಾನಿಸಬೇಕು.

ಸುಗಂಧ ತೈಲವನ್ನು ಮೈಗೆ ನೇರ ಹಚ್ಚಬೇಡಿ. 30 ಮಿಲಿ ಕೊಬ್ಬರಿ ಎಣ್ಣೆಗೆ 6 ಹನಿ ಬೆರೆಸಿದರೆ ಸುಮಾರು ಶೇಕಡಾ 1 ಆಗುತ್ತದೆ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಆಸ್ತಮಾ ಇದ್ದವರ ಕೋಣೆಯಲ್ಲಿ ಈ ಪ್ರಯೋಗ ಬೇಡ. ನೀಲಗಿರಿ ತೈಲ, ಕರ್ಪೂರ ಮಕ್ಕಳ ಕೈಗೆ ಎಟುಕಲೇಬಾರದು. ನುಂಗಿದರೆ ಫಿಟ್ಸ್ ಬರಬಹುದು. ಮಗು ನುಂಗಿದ್ದು ಗೊತ್ತಾದ ಕೂಡಲೇ ವಾಂತಿ ಮಾಡಿಸದೆ ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿ ಗಾಢ ಬಣ್ಣದ ಗಾಜಿನದಿರಲಿ, ಒಲೆಯಿಂದ ದೂರವಿರಲಿ. ಅರ್ಧ ಖಾಲಿಯಾದ ನಿಂಬೆ ಎಣ್ಣೆಯನ್ನು ಚಿಕ್ಕ ಬಾಟಲಿಗೆ ಬಗ್ಗಿಸಿಡಿ, ಒಳಗಿನ ಗಾಳಿಗೇ ಅದು ಹಾಳಾಗುತ್ತದೆ.